ಮ್ಯಾನೇಜರ್ ಒಪ್ಪದ ಟ್ರೇ

"ನಿಮ್ಮ ಬೆಕ್ಕು ಮತ್ತೆ ನನ್ನ ಪುದೀನ ಕುಂಡದಲ್ಲಿ ಕೂತಿತ್ತು. ಸುಮ್ಮನೆ ಕೂತು ಎದ್ದು ಹೋಗಿದ್ರೆ ನಾನು ಹೇಳೋಕೆ ಬರ್ತಿರಲಿಲ್ಲ."

ಬಾಗಿಲಲ್ಲಿ ನಿಂತಿದ್ದವನು ಪಕ್ಕದ ಮನೆಯವನು. ಬೀದಿಯ ಮೂಲೆಯ ಕನ್ನಡಕದ ಅಂಗಡಿ ಅವನದೇ. ಅವಳ ಎರಡೂ ಕೈ ಮೊಣಕೈವರೆಗೆ ಬಕೆಟ್ಟಿನ ಬೂದು ಗಂಜಿಯಲ್ಲಿ ಮುಳುಗಿದ್ದವು. ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದಲೇ ಅವನನ್ನು ದಿಟ್ಟಿಸಿದಳು.

"ಏನ್ಮಾಡ್ಲಿ? ಕೂರಿಸಿಕೊಂಡು ಬುದ್ಧಿ ಹೇಳ್ಲಾ?"

"ಹೇಳಿ ನೋಡಿ. ನಾನು ಹೇಳಿದ್ದನ್ನಂತೂ ಅದು ಕೇಳಲಿಲ್ಲ."

ಇದನ್ನು ಅವನು ಎಷ್ಟು ಗಂಭೀರವಾಗಿ ಹೇಳಿದನೆಂದರೆ, ನಗಬೇಕೋ ಬೈಯಬೇಕೋ ಅವಳಿಗೆ ತಿಳಿಯಲಿಲ್ಲ. ಬೈಯುವುದೇ ಸುಲಭವೆನಿಸಿತು.

"ನೋಡಿ, ಬೆಳಗ್ಗಿಂದ ಇದನ್ನೇ ಕಲಸ್ತಾ ಇದ್ದೀನಿ. ಇದೆಲ್ಲ ಯಾರಿಗೋಸ್ಕರ ಅಂದ್ಕೊಂಡ್ರಿ?"

ಅವನು ಬಕೆಟ್ಟಿಗೆ ಇಣುಕಿದ. "ಏನಿದು?"

"ಬೆಕ್ಕಿನ ಕಕ್ಕಸು," ಎಂದು ಒಳಗಿನಿಂದ ಅವಳ ಚಿಕ್ಕಮ್ಮ ಉತ್ತರ ಕೊಟ್ಟರು.

ಅವಳು ಒಂದು ಮುದ್ರಣಾಲಯದಲ್ಲಿ ಪುಸ್ತಕಗಳಿಗೆ ಬೈಂಡಿಂಗ್ ಮಾಡುವವಳು. ಆರ್ಡರ್ ಕಡಿಮೆಯಾಗಿ ಅವಳ ಪಾಳಿ ಅರ್ಧಕ್ಕೆ ಇಳಿದಿತ್ತು. ಬೆಕ್ಕಿನ ಕಕ್ಕಸಿನ ಟ್ರೇಗೆ ಸುರಿಯುವ ರೆಡಿಮೇಡ್ ಹರಳಿನ ಬೆಲೆ ಅದೇ ಹೊತ್ತಿಗೆ ಏರಿತ್ತು. "ಅದು ತಿನ್ನೋದಕ್ಕಿಂತ ಹೋಗೋದಕ್ಕೇ ಜಾಸ್ತಿ ಖರ್ಚು!" ಎಂದು ಚಿಕ್ಕಮ್ಮ ರೇಗಿದ್ದರು. "ಬೇರೆ ದಾರಿ ನೋಡು. ಇಲ್ಲಾ, ಬೆಕ್ಕಿಗೆ ಬೇರೆ ಮನೆ ನೋಡು."

ಬೆಕ್ಕಿನ ಹೆಸರು ಮ್ಯಾನೇಜರ್. ಏನೂ ಕೆಲಸ ಮಾಡದೆ ಎಲ್ಲವನ್ನೂ ಪರಿಶೀಲಿಸುತ್ತಿದ್ದುದರಿಂದ ಬಂದ ಹೆಸರು. ಮುದ್ರಣಾಲಯದ ಗೋದಾಮಿನಲ್ಲಿ ಕಣ್ಣು ಬಿಡದ ಮರಿಯಾಗಿ ಸಿಕ್ಕಿದ್ದನ್ನು ಹತ್ತಿಯಲ್ಲಿ ಹಾಲು ಹಿಂಡಿ ಸಾಕಿದವಳು ಅವಳು. ಅದನ್ನು ಕೊಟ್ಟುಬಿಡುವ ಮಾತೇ ಇರಲಿಲ್ಲ.

ಹಾಗಾಗಿ ಹಿಂದಿನ ವಾರವೇ ಮುದ್ರಣಾಲಯದ ಕಟಿಂಗ್ ಮಷಿನ್ ಕೆಳಗೆ ಬೀಳುವ ಕಾಗದದ ಚೂರುಗಳನ್ನು ಮನೆಗೆ ಹೊತ್ತು ತಂದಿದ್ದಳು. ಬಿಸಿನೀರಿನಲ್ಲಿ ನೆನೆಸಿ, ಸೋಪು ಹಾಕಿ ಕಿವುಚಿ, ತೊಳೆದು ಹಿಂಡಿ, ಅಡುಗೆ ಸೋಡ ಬೆರೆಸಿ, ಬೆರಳಲ್ಲಿ ಪುಡಿ ಮಾಡಿ ಒಣಹಾಕಿದಳು. ಮ್ಯಾನೇಜರ್ ಬಂದು ಮೂಸಿ ನೋಡಿದ, ಟ್ರೇಯೊಳಗೆ ಸುರುಳಿ ಸುತ್ತಿ ಮಲಗಿದ, ನಿದ್ದೆ ಮುಗಿಸಿ ಎದ್ದು ಪಕ್ಕದ ಮನೆಯ ಪುದೀನಕ್ಕೆ ಹೋದ.

ಅವಳಿಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ಈಗ ಬಕೆಟ್ಟಿನಲ್ಲಿದ್ದದ್ದು ಎರಡನೇ ಪ್ರಯತ್ನ.

"ಭಾನುವಾರ ನನ್ನ ಅಂಗಡಿ ರಜೆ," ಎಂದ ಕನ್ನಡಕದ ಅಂಗಡಿಯವನು, ಬಕೆಟ್ಟನ್ನೇ ನೋಡುತ್ತ. "ಹಿಂಡೋಕೆ ಬರ್ಲಾ? ನಿಮಗೋಸ್ಕರ ಅಲ್ಲ, ಪುದೀನಕ್ಕೋಸ್ಕರ."

*

ಅವನು ಬಂದ. ಅಂಗಿಯ ತೋಳು ಮಡಚಿ ಬಕೆಟ್ಟಿನ ಆ ಬದಿ ಕೂತ. ಅವಳು ಹತ್ತು ಸಲ ಹಿಂಡಿದರೂ ಬಿಡದ ನೀರನ್ನು ಅವನು ಎರಡೇ ಸಲಕ್ಕೆ ಬಸಿದ. ಮಾತು ಮಾತ್ರ ಬೆಕ್ಕು ದಾಟಿ ಆಚೆಗೆ ಹೋಗಲಿಲ್ಲ.

"ಮರಳು ಹಾಕಿ ನೋಡೋಣ್ವಾ?"

ಮರಳು ಹಾಕಿದರು. ಮ್ಯಾನೇಜರ್ ಅದನ್ನು ಕಾಲಲ್ಲಿ ಹೊತ್ತು ಹೋಗಿ ಅವಳ ಹಾಸಿಗೆಯ ಮೇಲೆ ಹರಡಿದ.

"ಮರದ ಹೊಟ್ಟು?"

ಹೊಟ್ಟು ಹಾಕಿದರು. ಚಿಕ್ಕಮ್ಮ ಒಂದೇ ಸಮನೆ ಸೀನಿದರು.

ಇಷ್ಟರ ನಡುವೆ ಬೆಕ್ಕಿಗೆ ಪುದೀನ ಏಕೋ ಬೇಡವಾಗಿ, ಚಿಕ್ಕಮ್ಮನ ಕೋಣೆಯ ಕಾಲೊರೆಸು ಹಿಡಿಸಿಬಿಟ್ಟಿತು. ಮನೆಯಲ್ಲಿ ದಿನಾ ರಂಪ. ಅವಳು ಕಾಲೊರೆಸು ಒಗೆದಳು, ನೆಲ ಒರೆಸಿದಳು, ಭಾನುವಾರಕ್ಕಾಗಿ ಕಾದಳು. ಕಾಯುತ್ತಿದ್ದೇನೆ ಎಂದು ಗೊತ್ತಾದಾಗ ತನ್ನ ಮೇಲೇ ರೇಗಿದಳು.

ಅದರ ಮುಂದಿನ ಭಾನುವಾರ, ಕೈ ತುಂಬ ಗಂಜಿ ಇರುವಾಗಲೇ ಅವಳ ಕನ್ನಡಕ ಮತ್ತೆ ಜಾರಿತು. ಭುಜದಿಂದ ಮೇಲೆ ತಳ್ಳಲು ಹೋದಳು, ಆಗಲಿಲ್ಲ.

"ತಡೀರಿ." ಅವನು ಕೈ ಒರೆಸಿಕೊಂಡು ಎದ್ದು ಬಂದ. ಎರಡು ಬೆರಳಲ್ಲಿ ಅದನ್ನು ಮೆಲ್ಲನೆ ತೆಗೆದು, ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ತಿರುಪು ಬಿಗಿದ. ಕಡ್ಡಿಗಳನ್ನು ಸ್ವಲ್ಪ ಬಗ್ಗಿಸಿ ಮತ್ತೆ ಅವಳ ಕಿವಿಗೇರಿಸಿದ. "ಅಲುಗಾಡಬೇಡಿ."

ಅವಳು ಉಸಿರಾಡುವುದನ್ನೂ ನಿಲ್ಲಿಸಿದಳು. ಅವನ ಗಲ್ಲದ ಮೇಲೆ ಒಂದು ಚೂರು ಕಾಗದ ಅಂಟಿತ್ತು. ಅಷ್ಟು ಹತ್ತಿರ ಇದ್ದ.

"ಈಗ ಸರಿ ಕಾಣ್ತಿದ್ಯಾ?"

"ಕಾಣ್ತಿದೆ," ಎಂದಳು.

ಒಂದು ಕ್ಷಣ ಅವನು ಅವಳ ಕಣ್ಣನ್ನು ನೋಡಿದ. ತುಟಿ ಅಲುಗಿತು. ಆಮೇಲೆ ದೃಷ್ಟಿ ಸರ್ರನೆ ಕೆಳಗಿಳಿಯಿತು.

"ಸೋಡ ಜಾಸ್ತಿಯಾಯ್ತು ಅನ್ಸತ್ತೆ," ಎಂದ.

ಬಕೆಟ್ಟನ್ನು ಅವನ ತಲೆಯ ಮೇಲೆ ಸುರಿಯಬೇಕೆನಿಸಿತು ಅವಳಿಗೆ.

*

ಎರಡು ದಿನ ಕಳೆದ ಮೇಲೆ, ಬೇಸತ್ತು, ಒಣಗಿದ ಕಾಗದದ ಪುಡಿಗೆ ಎರಡು ಬೊಗಸೆ ಮಣ್ಣು ಬೆರೆಸಿದಳು. ಮೆಟ್ಟಿಲ ಕೆಳಗೆ ಅವನು ಇಟ್ಟಿದ್ದ ಕುಂಡದ ಮಣ್ಣಿನ ಚೀಲದಿಂದ ತೆಗೆದದ್ದು. ಟ್ರೇ ತುಂಬಿಸಿ ಇಡುವುದೇ ತಡ, ಮ್ಯಾನೇಜರ್ ಬಂದ. ಮೂಸಿದ, ಕೆರೆದ, ಕೂತ. ಎದ್ದು ನೀಟಾಗಿ ಮುಚ್ಚಿ, ಬಾಲವೆತ್ತಿ ಹೊರಟುಹೋದ.

ಚಪ್ಪಾಳೆ ತಟ್ಟಬೇಕಿತ್ತು. ಅವಳು ಮಾತ್ರ ಗೋಡೆಗೊರಗಿ ಕೂತುಬಿಟ್ಟಳು. ಇನ್ನು ಭಾನುವಾರ ಅವನು ಬರುವುದು ಯಾವ ನೆಪಕ್ಕೆ?

ಭಾನುವಾರ ಬಂದಾಗ ಅವನು ಕೇಳಿದ: "ಹೇಗಿದೆ? ಒಪ್ಪಿಕೊಂಡ್ನಾ?"

"ಇಲ್ಲ," ಎಂದಳು. "ಮೂಸೂ ನೋಡಲಿಲ್ಲ."

ಚಿಕ್ಕಮ್ಮ ತಲೆಯೆತ್ತಿ ಅವಳನ್ನು ಒಮ್ಮೆ ನೋಡಿದರು, ಅವನನ್ನು ಒಮ್ಮೆ ನೋಡಿದರು. ಆಮೇಲೆ ಎದ್ದು ಒಳಗೆ ಹೋದರು.

ಸುಳ್ಳು ಹೇಳಿ ಗಳಿಸಿದ ಭಾನುವಾರಗಳಲ್ಲೂ ಅವನು ಬೆಕ್ಕಿನ ಬಗ್ಗೆಯೇ ಮಾತಾಡಿದ. ಅವಳ ಮುಖ ವಾರದಿಂದ ವಾರಕ್ಕೆ ಗಂಟಾಗುತ್ತ ಹೋಯಿತು. ಕೇಳಿದ್ದಕ್ಕೆಲ್ಲ ಹೂಂ, ಊಹೂಂ, ಅಷ್ಟೇ.

*

ಮತ್ತೊಂದು ಭಾನುವಾರ ಅವನು ಹೆಗಲ ಮೇಲೆ ದೊಡ್ಡ ಚೀಲ ಹೊತ್ತು ಬಂದ. ರೆಡಿಮೇಡ್ ಹರಳು. ಬೆಲೆ ಏರಿದ ಅದೇ ದುಬಾರಿ ಸರಕು.

"ತಗೊಳ್ಳಿ. ಖರ್ಚಾಗೋವರೆಗೂ ನಿಮಗೆ ಈ ಕಷ್ಟ ಬೇಡ. ಮುಗಿದ್ರೆ ಇನ್ನೊಂದು ತಂದುಕೊಡ್ತೀನಿ."

ಅವಳು ಚೀಲವನ್ನು ನೋಡಿದಳು.

"ವಾಪಸ್ ತಗೊಂಡು ಹೋಗಿ."

"ದುಡ್ಡಿನ ಬಗ್ಗೆ ಯೋಚನೆ ಮಾಡ್ಬೇಡಿ, ನಾನು..."

"ದುಡ್ಡಲ್ಲ!" ಎಂದು ಕೂಗಿದಳು. "ಈ ಚೀಲ ಒಳಗೆ ಬಂದ್ರೆ ನೀವು ಬರಲ್ಲ. ಅಷ್ಟೂ ಗೊತ್ತಾಗಲ್ವಾ ನಿಮಗೆ?"

 ಅಷ್ಟರಲ್ಲಿ ಮೂಲೆಯಿಂದ ಕೆರೆಯುವ ಸದ್ದು ಬಂತು. ಇಬ್ಬರೂ ತಿರುಗಿದರು. ಟ್ರೇಯಲ್ಲಿ, ಮನೆಯಲ್ಲೇ ಮಾಡಿದ ಪುಡಿಯ ನಡುವೆ ಮ್ಯಾನೇಜರ್ ನೆಮ್ಮದಿಯಾಗಿ ಕೂತಿದ್ದ.

"ಇದು... ಯಾವಾಗಿಂದ?"

"ಕೆಲವು ವಾರ ಆಯ್ತು," ಎಂದಳು, ನೆಲ ನೋಡುತ್ತ. "ಸುಳ್ಳು ಹೇಳ್ತಾ ಇದ್ದೆ."

ಅವನು ಚೀಲವನ್ನು ನಿಧಾನವಾಗಿ ಇಳಿಸಿದ. "ನಾನು ಬಂದಾಗಲೆಲ್ಲ ನಿಮ್ಮ ಮುಖ ಸಿಡುಕಾಗಿರತ್ತೆ. ನನ್ನಿಂದ ನಿಮಗೆ ಕಿರಿಕಿರಿ ಅಂದ್ಕೊಂಡೆ. ಚೀಲ ತಂದುಕೊಟ್ಟು, ಸುಮ್ಮನೆ ದೂರ ಆಗೋಣ ಅಂತ..."

"ಕಿರಿಕಿರಿನೇ! ಇಷ್ಟು ಭಾನುವಾರ ಕೂತು ಬೆಕ್ಕು, ಸೋಡ, ಮರಳು. ನಾನೊಬ್ಳು ಎದುರಿಗೆ ಇದ್ದೀನಿ ಅನ್ನೋದು ಕಣ್ಣಿಗೇ ಬೀಳ್ಲಿಲ್ವಾ?"

"ನನ್ನ ಕುಂಡಗಳಿಗೆ ಬಲೆ ಹಾಕಿ ಎಷ್ಟೋ ದಿನ ಆಯ್ತು."

"ಅದಕ್ಕೇನೀಗ?"

"ಬೆಕ್ಕು ಆ ಕಡೆ ಬರೋಕೇ ಆಗಲ್ಲ. ನನ್ನ ಪುದೀನ ಚೆನ್ನಾಗೇ ಇದೆ. ಮತ್ತೆ ಇಲ್ಲಿ ಬಂದು ಕಾಗದ ಹಿಂಡೋ ಕರ್ಮ ನನಗೇನಿತ್ತು, ಹೇಳಿ?"

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಸಿಟ್ಟು ಇಳಿಯುವ ಬದಲು ಇನ್ನೂ ಏರಿತು.

"ಅದನ್ನ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?"

"ಅಂಗಡೀಲಿ ದಿನಾ ಎಷ್ಟು ಜನರ ಕಣ್ಣು ನೋಡ್ತೀನಿ. ಏನೂ ಆಗಲ್ಲ. ನಿಮ್ಮ ಕಣ್ಣು ನೋಡಿದ್ರೆ ಮಾತೇ ಮರೆತು ಹೋಗತ್ತೆ. ಅದಕ್ಕೆ ಬಕೆಟ್ ನೋಡ್ತಿದ್ದೆ."

ಅವಳಿಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದಳು. ಅವನು ಈ ಸಲ ಕಣ್ಣು ಕೆಳಗಿಳಿಸಲಿಲ್ಲ.

"ನೀವು ಅಂದ್ರೆ ನನಗೆ ಪ್ರಾಣ," ಎಂದ, ತೀರ ಮೆಲ್ಲಗೆ.

"ಶ್! ಚಿಕ್ಕಮ್ಮ ಒಳಗಿದ್ದಾರೆ."

"ಅರ್ಧಂಬರ್ಧ ಕೇಳಿಸ್ತಪ್ಪ," ಎಂದರು ಚಿಕ್ಕಮ್ಮ ಕೋಣೆಯೊಳಗಿನಿಂದ. "ಸ್ವಲ್ಪ ಜೋರಾಗಿ ಹೇಳು."

ಅವನು ಅವಳನ್ನೇ ನೋಡುತ್ತ, ಇಡೀ ಮನೆಗೆ ಕೇಳಿಸುವಂತೆ, ಇನ್ನೊಮ್ಮೆ ಹೇಳಿದ.