ಬಾರದ ಅನುಮತಿ ಪತ್ರ

"ಯಾರನ್ನ ಕೇಳಿ ನನ್ನ ಥೀಸಿಸ್ ನೆಟ್‌ಗೆ ಹಾಕಿದ್ರಿ ನೀವು?"

ಬಾಲರಾಜ್‌ನ ದನಿಗೆ ಗ್ರಂಥಾಲಯದಲ್ಲಿ ಓದುತ್ತಿದ್ದವರೆಲ್ಲ ತಲೆ ಎತ್ತಿದರು. ಸ್ಕ್ಯಾನರ್ ಮುಂದೆ ಕುಳಿತಿದ್ದ ರಾಧಾಮಣಿ ಎದ್ದು ನಿಂತಳು.

2014ರ ಮಾತು. ಯಲಹಂಕದ ಆಚೆಗಿನ ಆ ವಿಶ್ವವಿದ್ಯಾಲಯದ ಸಂಶೋಧನಾ ಪ್ರಬಂಧಗಳನ್ನೆಲ್ಲ ಡಿಜಿಟಲ್ ಭಂಡಾರಕ್ಕೆ ಸೇರಿಸುವುದು ಅವಳ ಕೆಲಸ. ಬರೆದವರ ಸಹಿಯಿರುವ ಅನುಮತಿ ಪತ್ರ ಇಲ್ಲದೆ ಒಂದು ಪುಟವನ್ನೂ ಹಾಕುವಂತಿಲ್ಲ. ಬಾಲರಾಜ್ ಮೂರು ವಾರದ ಹಿಂದೆಯೇ ತನ್ನ ಪ್ರಬಂಧದ ಸಿ.ಡಿ. ಕೊಟ್ಟಿದ್ದ. ಪತ್ರ ಮಾತ್ರ "ನಾಳೆ ತರ್ತೀನಿ ಕಣ್ರೀ" ಎನ್ನುತ್ತಲೇ ಇದ್ದ. ದಿನಾ ಬರುತ್ತಿದ್ದ, ಅರ್ಧ ಗಂಟೆ ತಾನು ಸಂಶೋಧನೆ ಮಾಡಿದ ಹೆಸರಘಟ್ಟದ ಹುಲ್ಲಿನ ಸಮಾಚಾರ ಹೇಳುತ್ತಿದ್ದ, ಹೋಗುತ್ತಿದ್ದ. ಹುಲ್ಲಿನ ಬಗ್ಗೆ ಅಷ್ಟು ಆಸೆಯಿಂದ ಕೇಳಿಸಿಕೊಂಡ ಹುಡುಗಿ ಇಡೀ ಬೆಂಗಳೂರಿನಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

ಅಷ್ಟರಲ್ಲಿ ತಪಾಸಣಾ ಸಮಿತಿ ಬರುವ ಸುದ್ದಿ ಬಂತು.

"ಐನೂರು ಪ್ರಬಂಧ ಆಗ್ಲೇಬೇಕಮ್ಮ. ಪತ್ರ ಆಮೇಲೆ ಇಸ್ಕೊಂಡ್ರಾಯ್ತು," ಎಂದು ಗ್ರಂಥಪಾಲಕ ವೀರಬಸಪ್ಪ ಅವಸರಪಡಿಸಿದರು.

ಹೇಗೂ ನಾಳೆ ತರುತ್ತಾನಲ್ಲ ಎಂದು ಅವಳು ಅವನ ಪ್ರಬಂಧವನ್ನೂ ಹಾಕಿಬಿಟ್ಟಿದ್ದಳು.

"ಎಲ್ಲಾ ಆಗ್ಲೇ ನೆಟ್‌ನಲ್ಲಿದೆ ಅಂತ ಜರ್ನಲ್‌ನವ್ರು ನನ್ನ ಲೇಖನ ಬೇಡ ಅಂದ್ರು. ಅದಿಲ್ದೆ ನನ್ನ ಲೆಕ್ಚರರ್ ಇಂಟರ್‌ವ್ಯೂಗೇ ಕರೆಯಲ್ಲ. ಐದು ವರ್ಷದ ಕೆಲಸ ಕಣ್ರೀ…" ಎಂದ ಬಾಲರಾಜ್.

ಹೊರಟುಹೋದ. ತಿರುಗಿಯೂ ನೋಡಲಿಲ್ಲ.

'ನನ್ನ ಕೈಯಾರೆ ಅವರ ಬದುಕು ಹಾಳು ಮಾಡಿದೆನಲ್ಲ…'

ಐದನೆಯ ದಿನ ಪ್ರಬಂಧವನ್ನು ಭಂಡಾರದಿಂದ ತೆಗೆದುಹಾಕಿ, ಜರ್ನಲ್‌ನ ಸಂಪಾದಕರಿಗೆ ಪತ್ರ ಬರೆದಳು. 'ಲೇಖಕರು ಅನುಮತಿ ಕೊಟ್ಟಿರಲಿಲ್ಲ, ತಪ್ಪು ಪೂರ್ತಿ ನನ್ನದು.'

ವೀರಬಸಪ್ಪ ಓದಿ ತಲೆ ತಗ್ಗಿಸಿದರು. "ಇದನ್ನ ಕಳ್ಸಿದ್ರೆ ಮೇಲಿನವ್ರು ನಿನ್ನ ಕಾಂಟ್ರ್ಯಾಕ್ಟ್ ಮುಂದುವರ್ಸಕ್ಕೆ ಬಿಡಲ್ಲಮ್ಮ."

"ಗೊತ್ತು ಸರ್."

ಕಳುಹಿಸಿದಳು. ತಿಂಗಳ ಕೊನೆಗೆ ಅವಳ ಕೆಲಸವೂ ಮುಗಿಯಿತು.

ಆ ಕೊನೆಯ ದಿನ ಗೇಟಿನ ಎದುರು ಬಸ್ಸಿಗೆ ಕಾಯುತ್ತಿದ್ದಾಗ ಬಾಲರಾಜ್ ಏದುಸಿರು ಬಿಡುತ್ತ ಓಡಿಬಂದ.

"ಜರ್ನಲ್‌ನವ್ರು ನಿಮ್ಮ ಪತ್ರ ನಂಗೂ ಕಳ್ಸಿದ್ರು. ಲೇಖನ ಇನ್ನೊಂದ್ಸಲ ನೋಡ್ತಾರಂತೆ. ಆದ್ರೆ ನೀವ್ಯಾಕ್ರೀ ಎಲ್ಲಾ ತಲೆ ಮೇಲೆ ಹಾಕ್ಕೊಂಡ್ರಿ?"

"ತಪ್ಪು ನಂದೇ ಅಲ್ವಾ."

"ಅಲ್ಲ…" ಎಂದ ಅವನು. "ಅನುಮತಿ ಪತ್ರಕ್ಕೆ ಮೊದಲ್ನೇ ದಿನಾನೇ ಸಹಿ ಹಾಕಿದ್ದೆ. ಎರಡು ವರ್ಷ ಯಾರಿಗೂ ತೋರಿಸ್ಬೇಡಿ ಅಂತಾನೂ ಬರ್ದಿದ್ದೆ. ಬ್ಯಾಗಲ್ಲೇ ಇತ್ತು. ಕೊಟ್ಬಿಟ್ರೆ ನಿಮ್ಮನ್ನ ನೋಡಕ್ಕೆ ಬರೋ ನೆಪಾನೇ ಇರ್ತಿರ್ಲಿಲ್ಲ. ನೀವಂದ್ರೆ ನಂಗೆ ಅಷ್ಟು ಇಷ್ಟ."

ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಬಸ್ಸು ಬಂದು ನಿಂತು ಹೊರಟುಹೋಯಿತು.

"ಮೂರು ದಿನದಲ್ಲಿ ಅನುಮತಿ ಪತ್ರ ಬರ್ಲಿಲ್ಲ ಅಂದ್ರೆ ನಾವೇ ಫೋನ್ ಮಾಡಿ ಕೇಳ್ಬೇಕು ಅಂತ ರೂಲ್ಸಿದೆ," ಎಂದಳು ಕಣ್ಣೊರೆಸಿಕೊಳ್ಳುತ್ತ. "ನಾನು ಒಂದ್ಸಲಾನೂ ಮಾಡ್ಲಿಲ್ಲ."

"ಯಾಕೆ?"

"ಮಾಡಿದ್ರೆ ನೀವು ತಂದು ಕೊಟ್ಬಿಡ್ತಿದ್ರಲ್ಲ."