ಎಡಗೈಯ ಉಳಿ

ಬೀರೇಶ್ ತಲೆ ಎತ್ತುವ ಮೊದಲೇ ಅವನ ಮೇಜಿನ ಮೇಲೆ ಅವನದೇ ಪತ್ರಿಕೆ ಬಂದು ಬಿತ್ತು.

"ಇದನ್ನ ಬರ್ದೋರು ಯಾರು?"

ಎದುರಿಗೆ ನಿಂತಿದ್ದವಳು ಕಾರ್ಖಾನೆಯ ನೀಲಿ ಕೋಟಿನಲ್ಲೇ ಇದ್ದಳು. ಕತ್ತಿನಲ್ಲಿ ಗುರುತಿನ ಚೀಟಿ ತೂಗುತ್ತಿತ್ತು. ಮೊದಲ ಪಾಳಿ ಮುಗಿಸಿ ನೇರವಾಗಿ ಬಂದಿದ್ದಳು.

ಹೊಸೂರಿನ ಆ ಮುದ್ರಣಾಲಯಕ್ಕೆ ಜನ ಬರುವುದು ತಮಿಳಿನಲ್ಲಿ ಮದುವೆ ಪತ್ರಿಕೆ ಅಚ್ಚು ಹಾಕಿಸಲು. ಬೀರೇಶನ ಕೆಲಸ ಅದೇ. ಕೆಲಸ ಮುಗಿದ ಮೇಲೆ ಅದೇ ಮೇಜಿನಲ್ಲಿ ಅವನು 'ತೊಗಲು' ಎಂಬ ಕನ್ನಡ ತ್ರೈಮಾಸಿಕ ತರುತ್ತಿದ್ದ. ಗೊಂಬೆಯಾಟದ ಕಲೆ, ಅದರ ಚರಿತ್ರೆ ಬಿಟ್ಟು ಬೇರೆ ಒಂದಕ್ಷರ ಅದರಲ್ಲಿ ಇರುತ್ತಿರಲಿಲ್ಲ. ಓದುಗರು ಮುನ್ನೂರು ಜನ.

"ನಾನೇ," ಅಂದ.

ಅವಳು ಪುಟ ತಿರುವಿ ತೋರಿಸಿದಳು. ಸೂಳಗಿರಿ ಹತ್ತಿರದ ಹಳ್ಳಿಯ ತೊಗಲುಗೊಂಬೆ ಕಲಾವಿದ ಪಾಪಯ್ಯನವರು ಅರವತ್ತು ದಾಟಿದ ಮೇಲೆ ಹೊಸ ಶೈಲಿ ಕಂಡುಕೊಂಡ ಬಗ್ಗೆ ನಾಲ್ಕು ಪುಟಗಳ ಲೇಖನ. ಹಳೆಯ ಗೊಂಬೆಗಳಲ್ಲಿ ಸೀರೆಯಂಚಿನ ತೂತುಗಳು ಬಲಕ್ಕೆ ವಾಲಿದ್ದವು, ಈಚಿನವುಗಳಲ್ಲಿ ಎಡಕ್ಕೆ. ಕೆತ್ತನೆ ಮೊದಲಿಗಿಂತ ನಯವಾಗಿತ್ತು. ಬದುಕನ್ನು ತಿರುಗಿ ನೋಡುವ ವಯಸ್ಸಿನಲ್ಲಿ ಕಲಾವಿದನ ಉಳಿಯೂ ತಿರುಗಿದೆ... ಎಂದು ಬೀರೇಶ್ ಬರೆದಿದ್ದ. ಆ ವಾಕ್ಯದ ಬಗ್ಗೆ ಅವನಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಅವಳು ಮೇಜಿನ ಮೇಲಿದ್ದ ಪೆನ್ನನ್ನು ಎಡಗೈಗೆ ತೆಗೆದುಕೊಂಡು ಆ ವಾಕ್ಯದ ಕೆಳಗೆ ಸಾಲಾಗಿ ಓರೆ ಗೀರುಗಳನ್ನು ಎಳೆದಳು. ಒಂದೊಂದೂ ಎಡಕ್ಕೆ ವಾಲಿತ್ತು.

"ಉಳಿ ತಿರುಗಿಲ್ಲ ಸಾರ್. ಕೈ ಬದಲಾಗೈತೆ. ಆರು ವರ್ಷದಿಂದ ಕೆತ್ತೋಳು ನಾನು. ಪಾಪಯ್ಯನ ಮಗಳು, ಮುನಿಲಕ್ಷ್ಮಿ."

ಬೀರೇಶನ ಕಿವಿ ಕೆಂಪಾಯಿತು. ಮೂರು ವರ್ಷದಿಂದ ಅವರ ಮನೆಗೆ ಹೋಗಿ ಬರುತ್ತಿದ್ದ. ಹೋದಾಗಲೆಲ್ಲ ಮಗಳು ಕೆಲಸಕ್ಕೆ ಹೋಗಿರುತ್ತಿದ್ದಳು. ಪಾಪಯ್ಯ ಗೊಂಬೆಗಳನ್ನು ಹರಡಿ ತೋರಿಸಿದ್ದರು. ಯಾರು ಕೆತ್ತಿದ್ದು ಎಂದು ಇವನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಜಗಳಕ್ಕೆ ಸಿದ್ಧವಾಗಿ ಬಂದಿದ್ದ ಮುನಿಲಕ್ಷ್ಮಿಗೆ ಜಗಳ ಸಿಗಲಿಲ್ಲ. ಮುಂದಿನ ಸಂಚಿಕೆಯಲ್ಲಿ ತಪ್ಪು ತಿದ್ದುತ್ತೇನೆ ಅಂದ ಅವನು, ಒಂದು ಸೀತೆಯನ್ನು ಕೆತ್ತಲು ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದ.

ಆರು ವರ್ಷದಲ್ಲಿ ಅವಳನ್ನು ಯಾರೂ ಅದನ್ನು ಕೇಳಿರಲಿಲ್ಲ. ಹೇಳುತ್ತಾ ಹೇಳುತ್ತಾ ಬಸ್ಸು ತಪ್ಪಿತು.

ಆಮೇಲೆ ಭಾನುವಾರಗಳಲ್ಲಿ ಬೀರೇಶ್ ತಾನಿದ್ದ ಬಾಗಲೂರಿನಿಂದ ಅವಳ ಮನೆಗೆ ಬೈಕಿನಲ್ಲಿ ಬರತೊಡಗಿದ. ಅವಳು ಕೆತ್ತುವಾಗ ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದ. ಮುಗಿದ ತೊಗಲನ್ನು ಬಿಸಿಲಿಗೆ ಹಿಡಿದು, ನೆಲದ ಮೇಲೆ ಬೀಳುವ ಬೆಳಕಿನ ಚುಕ್ಕೆಗಳನ್ನು ಎಣಿಸುತ್ತಿದ್ದ. 'ಇವನು ನನ್ನ ಮುಖಕ್ಕಿಂತ ಮೇಕೆಯ ತೊಗಲನ್ನೇ ಜಾಸ್ತಿ ನೋಡುತ್ತಾನಲ್ಲ...' ಎಂದು ಅವಳಿಗೆ ಅನ್ನಿಸುತ್ತಿತ್ತು. ಅದರಿಂದ ಸಿಟ್ಟು ಬರಬೇಕಿತ್ತು. ಬರುತ್ತಿರಲಿಲ್ಲ.

ಮುಂದಿನ ಸಂಚಿಕೆ ಬಂತು. ಮುನಿಲಕ್ಷ್ಮಿ ಕಂಪನಿ ಬಸ್ಸಿನಲ್ಲಿ ಕೂತು ಎರಡು ಸಲ ತಿರುವಿ ಹಾಕಿದಳು. ಅವಳ ಹೆಸರು ಎಲ್ಲೂ ಇರಲಿಲ್ಲ.

ಫೋನ್ ಮಾಡಿದಳು. ಹಾಕಲು ಆಗಲಿಲ್ಲ ಎಂದಷ್ಟೇ ಹೇಳಿದ. ಯಾಕೆ ಎಂದು ಕೇಳಿದರೆ ಅದೇ ಮಾತನ್ನು ಮತ್ತೆ ಹೇಳಿದ.

"ನಿಮ್ ನಾಕು ಪುಟ ಸುಳ್ಳಾಯ್ತದೆ ಅಂತ ತಾನೆ?"

ಅವನು ಅಲ್ಲ ಎನ್ನಲಿಲ್ಲ. ಅವಳು ಫೋನ್ ಇಟ್ಟಳು. ಆ ವಾರ ಅವನ ನಂಬರಿನಿಂದ ಬಂದ ಯಾವ ಕರೆಯನ್ನೂ ಎತ್ತಲಿಲ್ಲ. ಬಾಯಿಬಿಟ್ಟು ಹೊಗಳಿದವನು ಹೆಸರು ಹಾಕುವ ಹೊತ್ತಿಗೆ ಹಿಂದೆ ಸರಿದ. ಎಲ್ಲರೂ ಹೀಗೆಯೇ ಎಂದುಕೊಂಡಳು. ಹಾಗೆಂದುಕೊಂಡದ್ದರಿಂದ ನೋವೇನೂ ಕಡಿಮೆಯಾಗಲಿಲ್ಲ.

ಉಳಿಯನ್ನೂ ಕೆಳಗಿಟ್ಟಳು. ಎರಡು ವಾರದಲ್ಲಿ ಕೃಷ್ಣಗಿರಿಯ ಕಾಲೇಜೊಂದರಲ್ಲಿ ಆಟ ಇತ್ತು. ಹೊಸ ಸೀತೆ ಕತ್ತಿನವರೆಗೆ ಮುಗಿದಿತ್ತು, ಬೇರೆ ತೊಗಲಿನಲ್ಲಿ ಕೆತ್ತಿ ಜೋಡಿಸುವ ಮುಖ ಉಳಿದಿತ್ತು. ಮುಗಿಸು ಎಂದ ಅಪ್ಪನಿಗೆ ಅವಳು ಒಂದೇ ಮಾತು ಹೇಳಿದಳು.

"ಹೆಸ್ರು ಯಾರ್ದೋ ಅವ್ರೇ ಮುಗಿಸ್ಲಿ."

ಅದು ಕ್ರೂರ ಮಾತು ಎಂದು ಅವಳಿಗೆ ಗೊತ್ತಿತ್ತು. ಪಾಪಯ್ಯನ ಕೈ ಆರು ವರ್ಷದಿಂದ ನಡುಗುತ್ತಿತ್ತು. ಮನೆಯವರಿಗೆ ಗೊತ್ತು, ಊರಿಗೆ ಗೊತ್ತಿಲ್ಲ. ಆಟದಲ್ಲಿ ಕೋಲು ಹಿಡಿದಾಗ ನಡುಗಿದರೆ, ರಾವಣನಿಗೆ ಸಿಟ್ಟು ಬಂದಿದೆ ಎಂದು ನೋಡುವವರು ಚಪ್ಪಾಳೆ ಹೊಡೆಯುತ್ತಿದ್ದರು. ಉಳಿ ಹಿಡಿದರೆ ಹಾಗೆ ಮುಚ್ಚಿಡಲು ಆಗುವುದಿಲ್ಲ.

ಆ ಭಾನುವಾರ ಬೆಳಿಗ್ಗೆ ನೀರು ಹೊತ್ತು ತಂದವಳು ಬಾಗಿಲಲ್ಲೇ ನಿಂತಳು. ಅಪ್ಪ ಉಳಿ ಹಿಡಿದು ಕೂತಿದ್ದ. ಸೀತೆಯ ಮೂಗು ಕೆನ್ನೆಯವರೆಗೆ ಸೀಳಿತ್ತು.

ಪಾಪಯ್ಯ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಬೇರೆ ಯಾರೋ ಕೆತ್ತಿದ್ದನ್ನು ನೋಡುವವನ ಹಾಗೆ ನೋಡಿದ.

"ಆ ಬೀರೇಶ ನಿನ್ ಹೆಸ್ರು ಹಾಕಿ ಬರ್ದಿದ್ದನ್ನ ಅಚ್ಚು ಹಾಕಾಕೆ ಮುಂಚೆ ನಂಗೆ ತಂದು ತೋರಿಸ್ದ ಕಣಮ್ಮ. ನಾನೇ ಕೈ ಮುಗ್ದು ಬ್ಯಾಡ ಅಂದೆ," ಎಂದ. "ಮಗಳು ಕೆತ್ತದು ಅಂತ ಅಚ್ಚಾದ್ರೆ, ಪಾಪಯ್ಯನ ಕೈ ಹೋಯ್ತು ಅಂತ್ಲೂ ಅಚ್ಚಾದಂಗೆ. ನಿಂಗೆ ಹೇಳ್ಬ್ಯಾಡ ಅಂತ ಮಾತು ತಕ್ಕಂಡೆ."

ಮುನಿಲಕ್ಷ್ಮಿ ಬಿಂದಿಗೆ ಇಳಿಸಿದಳು. ತನ್ನ ಹೆಸರು ಬೇಕೆಂದು ಹಟ ಹಿಡಿದಾಗ, ಅದರ ಜೊತೆಗೆ ಅಚ್ಚಾಗುವ ಇನ್ನೊಂದು ಸುದ್ದಿಯನ್ನು ಅವಳು ಯೋಚಿಸಿಯೇ ಇರಲಿಲ್ಲ.

"ಹಂಗಾರೆ ಬ್ಯಾಡ ಬಿಡಪ್ಪ," ಅಂದಳು ಕೊನೆಗೆ.

"ಯಾಕ್ ಬ್ಯಾಡ?" ಪಾಪಯ್ಯ ಸೀಳಿದ ತೊಗಲನ್ನು ಅವಳ ಮುಂದೆ ಹಾಕಿದ. "ಕೈ ಹೋಗಿರದು ಊರ್ಗೆಲ್ಲ ಗೊತ್ತಾಗ್ಲಿ. ಇಂಥ ಮೂಗು ಪಾಪಯ್ಯಂದು ಅಂತ ಆಗ್ಬಾರ್ದು. ಕರಿ ಅವ್ನನ್ನ."

ಅವಳು ಕರೆಯಲಿಲ್ಲ. ಅವಳಿಗೆ ನಾಚಿಕೆಯಾಗಿತ್ತು. ಪಾಪಯ್ಯನೇ ಕರೆದ.

ಬೀರೇಶ್ ಮಧ್ಯಾಹ್ನದ ಹೊತ್ತಿಗೆ ಬಂದ. ಅಷ್ಟರಲ್ಲಿ ಮುನಿಲಕ್ಷ್ಮಿ ಹೊಸ ತೊಗಲು ಬಿಗಿದು ಸೀತೆಯ ಮುಖವನ್ನು ಮೊದಲಿನಿಂದ ಶುರು ಮಾಡಿದ್ದಳು. ಪಾಪಯ್ಯ ಗೋಡೆಗೆ ಒರಗಿ, ನಡುಗುವ ಕೈಯನ್ನು ಮುಚ್ಚಿಕೊಳ್ಳದೆ ತೊಡೆಯ ಮೇಲೆ ಇಟ್ಟುಕೊಂಡು, ತಾನು ಉಳಿ ಬಿಟ್ಟ ವರ್ಷ, ಯಾವ ಗೊಂಬೆಯಿಂದ ಮಗಳ ಕೈ ಶುರುವಾಯಿತು ಎಂಬುದನ್ನೆಲ್ಲ ಹೇಳಿ ಬರೆಸಿದ. ಬೀರೇಶ್ ಹಳೆಯ ಲೇಖನದ ಸಾಲುಗಳನ್ನು ಒಂದೊಂದಾಗಿ ಹೊಡೆದು ಹಾಕುತ್ತಿದ್ದ. ಒಂದು ಕಡೆ ಮುದುಕ ಅವನ ಕೈ ಹಿಡಿದು ತಡೆದ.

"ಮೊದ್ಲಿಗಿಂತ ನಯ ಅಂತ ಬರ್ದಿದ್ದೀಯಲ್ಲ, ಅದನ್ನ ಹೊಡಿಬ್ಯಾಡ. ಅದು ದಿಟ."

ಮುನಿಲಕ್ಷ್ಮಿ ತಲೆ ಎತ್ತಲಿಲ್ಲ. ಉಳಿ ಮಾತ್ರ ಒಂದು ಕ್ಷಣ ನಿಂತು, ಮತ್ತೆ ನಡೆಯಿತು.

ಹೊರಡುವಾಗ ಅವಳು ಬೈಕಿನವರೆಗೆ ಬಂದಳು. ಹೆದ್ದಾರಿಯ ಲಾರಿಗಳ ಸದ್ದು ಅಲ್ಲಿಯವರೆಗೂ ಕೇಳುತ್ತಿತ್ತು.

"ಅಷ್ಟೊಂದು ಬೈಸ್ಕಂಡು ಸುಮ್ಕಿದ್ರಲ್ಲ."

"ಮಾತು ಕೊಟ್ಟಿದ್ದೆ."

"ನಾನು ಇನ್ನು ಮಾತೇ ಆಡ್ದೆ ಹೋಗಿದ್ರೆ?"

ಬೀರೇಶ್ ಕೀಲಿಯನ್ನು ಕೈಯಲ್ಲಿ ತಿರುಗಿಸಿದ. "ಹೋಗಿದ್ರೆ... ಬಾಳ ಕಷ್ಟ ಆಗಿರೋದು." ಆಮೇಲೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ. "ಮೂರು ವರ್ಷ ನಾನು ಅರವತ್ತು ದಾಟಿದ ಮುದುಕನ ಕೈಗೆ ಮನಸೋತಿದ್ದೆ ಮುನಿಲಕ್ಷ್ಮಿ. ಅದು ನಿನ್ ಕೈ ಅಂತ ಗೊತ್ತಾದಾಗ ಎಷ್ಟು ನೆಮ್ಮದಿಯಾಯ್ತು ಗೊತ್ತಾ?"

ಅವಳು ನಕ್ಕಳು. ಅವನೆದುರು ಹಾಗೆ ಬಾಯ್ತುಂಬ ನಕ್ಕದ್ದು ಅದೇ ಮೊದಲು. ನಗು ನಿಂತ ಮೇಲೂ ಇಬ್ಬರೂ ಅಲ್ಲಿಂದ ಕದಲಲಿಲ್ಲ.

ಹೆಸರು ಹೇಗೆ ಹಾಕಲಿ, ಪಾಪಯ್ಯನ ಮಗಳು ಎಂದು ಸೇರಿಸಬೇಕೆ ಎಂದು ಅವನು ಕೇಳಿದ.

"ಬ್ಯಾಡ. ಬರೀ ಮುನಿಲಕ್ಷ್ಮಿ." ಅವಳು ಅವನ ಮುಖವನ್ನೇ ನೇರವಾಗಿ ನೋಡಿದಳು. "ಮದ್ವೆ ಆದ್ಮೇಲೂ ಅಷ್ಟೇ. ಹಿಂದೆ ಮುಂದೆ ನಿನ್ ಹೆಸ್ರು ಸೇರಿಸ್ಕೂಡ್ದು."

ಅವನಿಗೆ ಅರ್ಥವಾಗಲು ಒಂದು ಲಾರಿ ದಾಟಿ ಹೋಗುವಷ್ಟು ಹೊತ್ತು ಹಿಡಿಯಿತು.

"ಸೇರ್ಸಲ್ಲ," ಅಂದ.