‘ರೆ’ ಮಂತ್ರವಾದಿ, ‘ರೂ’ ಚೆನ್ನಾಜಿ

ಬೆಟ್ಟಗಳಿಗೆ ಇನ್ನೂ ಹೆಸರಿಟ್ಟಿರದ ಕಾಲ. ಸುಳಿಗಿರಿ ಅಂತ ಒಂದು ರಾಜ್ಯ. ರಾಜ್ಯದ ನೆತ್ತಿಯ ಮೇಲೆ ಒಂದು ಕರಿಗುಡ್ಡ. ಗುಡ್ಡದಲ್ಲಿ ಕೊಂಡಿಮಲ್ಲ ಅನ್ನೋ ಮಂತ್ರವಾದಿ.

ಅವನ ಮಾಯೆಯೆಲ್ಲ ‘ರೆ’ ಅನ್ನೋ ಒಂದು ಕೊಂಡಿಯಲ್ಲಿತ್ತು. ‘ಹೀಗೆ ಮಾಡಿದರೆ ಹಾಗಾಗಲಿ’ ಅಂದನೋ, ಹಾಗೇ ಆಗುತ್ತಿತ್ತು. ‘ಹಾಡಿದರೆ ಕಪ್ಪೆಯಾಗಿ’ ಅಂದ. ಹಾಡಿದವರು ಕಪ್ಪೆಯಾದರು. ‘ನಕ್ಕರೆ ಹಲ್ಲು ಉದುರಲಿ’ ಅಂದ. ಅರಸನೇ ಮೊದಲು ನಕ್ಕ. ಬಾಯಿ ಬೋಳಾಯಿತು. ಆಮೇಲೆ ಯಾರೂ ನಗಲಿಲ್ಲ.

ಊರಂಚಿನಲ್ಲಿ ಸಿಂಗ ಇದ್ದ. ಬುಟ್ಟಿ ಹೆಣೆಯುವವನು. ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಹೆಂಡತಿ ಚೆನ್ನಾಜಿಯೇ ಆಡುತ್ತಿದ್ದಳು. ಅವಳ ಬಾಯಲ್ಲಿ ‘ರೆ’ ಕಾಣೆ. ಬರೀ ‘ರೂ’.

“ಹಿಟ್ಟು ಮುಗಿದರೂ ಅಂಬಲಿ ಇದೆ ಕಣಯ್ಯ.”

“ಸೂರು ಸೋರಿದರೂ ಈ ಮೂಲೆ ಒಣಗಿದೆ, ಬಾ.”

ನೆರೆಯವರು ರೇಗಿಸುತ್ತಿದ್ದರು. “ಏ ರೂ-ರೂ ಚೆನ್ನಾಜಿ!”

ಒಂದು ದಿನ ಸಿಂಗ ಕಾಲು ಜಾರಿ ತಾನು ಹೆಣೆದ ಬುಟ್ಟಿಯೊಳಗೇ ಕುಂಡೆ ಸಿಕ್ಕಿಸಿಕೊಂಡ. ಚೆನ್ನಾಜಿಗೆ ನಗು ಉಕ್ಕಿತು.

“ಹಲ್ಲು ಕಣೇ, ಹಲ್ಲು!” ಸಿಂಗ ಬುಟ್ಟಿಯಿಂದಲೇ ಕೂಗಿದ.

“ಉದುರಿದರೂ ನಗ್ತೀನಿ,” ಅಂದಳು. ನಕ್ಕೇಬಿಟ್ಟಳು. ಒಂದು ಹಲ್ಲೂ ಅಲುಗಲಿಲ್ಲ!

ಗುಡ್ಡದ ಮೇಲೆ ಕೊಂಡಿಮಲ್ಲನ ಎದೆ ಝಲ್ಲೆಂದಿತು. ‘ರೂ’ ಸೋಕಿದ ಕಡೆ ತನ್ನ ‘ರೆ’ ಕಡಿದುಹೋಗುತ್ತದೆ. ಅದು ಅವನಿಗೆ ಗೊತ್ತು. ಮಾರನೇ ದಿನ ಸಿಂಗ ಬಿದಿರು ಕಡಿಯಲು ಹೋಗಿದ್ದ. ಕೊಂಡಿಮಲ್ಲ ಸುಳಿಗಾಳಿಯಾಗಿ ಬಂದ. ಚೆನ್ನಾಜಿ ಬಾಯಿ ತೆರೆಯುವ ಮೊದಲೇ ‘ಈ ಗಾಳಿ ಸೋಕಿದರೆ ಹಕ್ಕಿಯಾಗು’ ಅಂದು ಅವಳನ್ನು ದನಿಯಿಲ್ಲದ ಗೊರವಂಕ ಮಾಡಿದ. ಎತ್ತಿಕೊಂಡು ಹೋದ.

ಸಿಂಗ ಬಂದ. ಒಲೆಯಲ್ಲಿ ಕೆಂಡ ಇತ್ತು. ಅವಳಿರಲಿಲ್ಲ.

“ಹಕ್ಕಿ ಮಾಡಿ ಗುಡ್ಡಕ್ಕೆ ಹೊತ್ಕೊಂಡು ಹೋದ ಕಣಪ್ಪ,” ಅಂದಳು ಪಕ್ಕದ ಮನೆ ಅಜ್ಜಿ.

ಸಿಂಗ ಬಿದಿರಿನ ಹೊರೆ ಕೆಳಗಿಳಿಸಿದ. ಸೊಂಟಕ್ಕೆ ಮಚ್ಚು ಸಿಕ್ಕಿಸಿದ. ಗುಡ್ಡ ಹತ್ತಿದ.

ಕರಿಗುಡ್ಡದ ಕಾವಲು ವಿಚಿತ್ರ. ಕಾವಲಿನವರು ಅರ್ಧ ಮಾತು ಹೇಳುತ್ತಾರೆ. ಬಂದವನು ಮಿಕ್ಕರ್ಧ ಹೇಳಬೇಕು. ಹೇಳಿದ್ದು ಆಗಿಬಿಡುತ್ತದೆ.

ಮೊದಲ ಬಾಗಿಲಲ್ಲಿ ಹುಲಿ.

“ನನ್ನ ಹತ್ತಿರ ಬಂದರೆ…” ಅಂತ ಗುರ್ರೆಂದು ನಿಲ್ಲಿಸಿತು.

ಹಿಂದೆ ಬಂದವರಲ್ಲಿ ಎಷ್ಟೋ ಜನ ಹೆದರಿ “ಸತ್ತೆ!” ಅಂದಿದ್ದರು. ಸತ್ತಿದ್ದರು. ಸಿಂಗನಿಗೆ ಮಾತು ಬೇಗ ಬರದು. ಯೋಚಿಸಿದ.

“ಬಂದರೆ ನಿನ್ನ ಬೆನ್ನು ತುರಿಸ್ತೀನಿ.”

ಅವನ ಕೈ ತಾನಾಗಿ ತುರಿಸತೊಡಗಿತು. ಹುಲಿ ಕಣ್ಣು ಮುಚ್ಚಿತು. “ಆಹಾ! ಎಡಗಡೆ… ಇನ್ನೂ ಕೆಳಗೆ… ಹೋಗಿ ಬಾ ಅಣ್ಣ!”

ಎರಡನೇ ಬಾಗಿಲಲ್ಲಿ ಹೆಬ್ಬಾವು. ದಾರಿಗಡ್ಡ ಮಲಗಿತ್ತು.

“ನನ್ನನ್ನು ದಾಟದಿದ್ದರೆ…”

ಇಲ್ಲಿವರೆಗೆ ಬಂದವರಲ್ಲಿ ಹಲವರು “ನನ್ನ ಕತೆ ಮುಗೀತು” ಅಂದಿದ್ದರು. ಮುಗಿದಿತ್ತು. ಸಿಂಗ ಅದರ ಉದ್ದ ನೋಡಿದ. ಬಳುಕು ನೋಡಿದ. ಒಳ್ಳೇ ಬಿದಿರಿನ ಸೀಳಿನ ಹಾಗಿತ್ತು.

“ದಾಟದಿದ್ದರೆ ನಿನ್ನನ್ನೇ ಬುಟ್ಟಿ ಹೆಣೀತೀನಿ.”

ಬಾಲ ಆಗಲೇ ಮೇಲೊಂದು ಕೆಳಗೊಂದು ಸುತ್ತಿಕೊಳ್ಳತೊಡಗಿತು!

“ದಾಟು ಮಾರಾಯ, ಬೇಗ ದಾಟು!” ಹಾವು ಚೀರಿತು.

ಮೂರನೆಯದು ಹಜಾರ. ಕಾವಲಿಗೆ ಯಾರೂ ಇಲ್ಲ. ತುಂಬ ಜನ ಕಲ್ಲಾಗಿ ಕೂತಿದ್ದರು. ಬಾಯಿ ತೆರೆದೇ ಇತ್ತು. ಮೂಲೆಯಲ್ಲಿ ಪಂಜರ. ಅದರಲ್ಲಿ ಗೊರವಂಕ.

“ಚೆನ್ನಾಜಿ!”

ಆಗ ಗೋಡೆ ಮೆಲ್ಲಗೆ ಮಾತಾಡಿತು. “ಪಾಪ. ಅವತ್ತು ನೀನು ಮನೆಯಲ್ಲಿ ಇದ್ದಿದ್ದರೆ…”

ಸಿಂಗ ತಲೆಗೆ ಕೈ ಹೊತ್ತ. “ಹೌದು. ನಾನು ಇದ್ದಿದ್ದರೆ… ಬಿದಿರಿಗೆ ಹೋಗದೆ ಇದ್ದಿದ್ದರೆ…”

ಈ ಮಾತಿಗೆ ಮಿಕ್ಕರ್ಧವೇ ಇಲ್ಲ. ಎಷ್ಟು ಹೇಳಿದರೂ ಮುಗಿಯದು. ಪಾದ ಕಲ್ಲಾಯಿತು. ಮಂಡಿ ಕಲ್ಲಾಯಿತು. ಸೊಂಟ ಕಲ್ಲಾಯಿತು. ‘ಇದ್ದಿದ್ದರೆ, ಇದ್ದಿದ್ದರೆ’ ಅನ್ನುತ್ತಲೇ ಇದ್ದ.

ಗೊರವಂಕ ಪಂಜರಕ್ಕೆ ಕೊಕ್ಕು ಬಡಿಯಿತು. ದನಿಯಿಲ್ಲ. ಆದರೂ ಕೊಕ್ಕು ಒಂದೇ ಅಕ್ಷರಕ್ಕೆ ಆಡುತ್ತಿತ್ತು. ಸಿಂಗ ನೋಡಿದ. ಆ ಅಕ್ಷರ ಅವನಿಗೆ ಗೊತ್ತು. ದಿನಾ ಕೇಳಿದ್ದ. ಒಮ್ಮೆಯೂ ಆಡಿರಲಿಲ್ಲ.

ಕಲ್ಲು ಗಂಟಲಿಗೆ ಬಂದಿತ್ತು. ತಡವರಿಸಿ ಅಂದ, “ಅವತ್ತು… ಇಲ್ಲದಿದ್ದ… ರೂ… ಇವತ್ತು ಬಂದಿದ್ದೀನಿ!”

ಚಟಾರ್! ಕಲ್ಲು ಒಡೆದು ಚೂರಾಯಿತು.

ಕೊಂಡಿಮಲ್ಲ ಹಾರಿ ಬಂದ. “ಆ ಹಕ್ಕಿ ಮುಟ್ಟಿದರೆ ಬೂದಿಯಾಗ್ತೀಯ!”

“ಬೂದಿಯಾದರೂ ಮುಟ್ತೀನಿ.”

ಮುಟ್ಟಿದ. ಬೂದಿಯಾಗಲಿಲ್ಲ. ಪಂಜರ ಮುರಿಯಿತು. ಚೆನ್ನಾಜಿ ಸೀರೆ ಕೊಡವಿಕೊಂಡು ಎದ್ದು ನಿಂತಳು.

“ಎಷ್ಟು ಹೊತ್ತಯ್ಯ ನಿಂಗೆ ಒಂದು ಅಕ್ಷರ ಕಲಿಯೋಕೆ!” ಅಂದಳು. ಕಣ್ಣಲ್ಲಿ ನೀರಿದ್ದರೂ ನಗುತ್ತಿದ್ದಳು.

“ಹತ್ತಿರ ಬಂದರೆ… ನಕ್ಕರೆ… ರೆ… ರೆ…” ಕೊಂಡಿಮಲ್ಲ ಒದರಿದ.

“ನೀನು ಒದರಿದರೂ ಅಷ್ಟೇ, ಅತ್ತರೂ ಅಷ್ಟೇ,” ಅಂದಳು ಚೆನ್ನಾಜಿ.

ಅವನ ಕೊಂಡಿ ಕಳಚಿತು. ಕುಗ್ಗಿದ, ಕುಗ್ಗಿದ, ಜೀರುಂಡೆಯಾದ. ಮರದ ತೊಗಟೆಗೆ ಅಂಟಿಕೊಂಡು ‘ರ್ರೆ ರ್ರೆ’ ಅನ್ನತೊಡಗಿದ. ಈಗಲೂ ಅನ್ನುತ್ತಾನೆ. ಕೇಳಿ ನೋಡಿ.

ಕಲ್ಲಾದವರು ಎದ್ದರು. ಕಪ್ಪೆಗಳು ಮನುಷ್ಯರಾಗಿ ಹಾಡಿದವು. ಅರಸನ ಹಲ್ಲು ಮಾತ್ರ ಬರಲಿಲ್ಲ. ಹಲ್ಲಿಲ್ಲದಿದ್ದರೂ ಅವನೇ ಎಲ್ಲರಿಗಿಂತ ಜೋರಾಗಿ ನಕ್ಕ.

ಸಿಂಗ ಬುಟ್ಟಿ ಹೆಣೆದ. ಚೆನ್ನಾಜಿ ಮಾತಾಡಿದಳು. ಹುಲಿ ಬೆನ್ನು ತುರಿಸಿಕೊಳ್ಳಲು ಹಿತ್ತಲಿಗೆ ಬರುತ್ತಿತ್ತು. ಜಗಳವಾಡಿದರೂ ಗಂಡಹೆಂಡತಿ ಒಂದೇ ತಟ್ಟೆಯಲ್ಲಿ ಉಂಡರು. ಅವರು ಅಲ್ಲಿ ಸುಖವಾಗಿದ್ದಾರೆ. ನಾವು ಇಲ್ಲಿ, ಏನೇ ಆದರೂ, ಇದ್ದೇವೆ.